ಹಾಲವ್ವ ಸಾಯುತ್ತಿದ್ದ ಮೂಲೆ

ಜತ್ತ ತಾಲೂಕಿನಲ್ಲಿ ಹಾಲವ್ವನಷ್ಟು ಸಲ ಸತ್ತವರು ಇನ್ನೊಬ್ಬರಿಲ್ಲ. ಉಟಗಿಯ ಈ ನಟಿ, ನಾಟಕ ಕಂಪನಿಯ ಮಾಲಕಿ, ನಲವತ್ತು ವರ್ಷ ಒಂದೇ ನಾಟಕದ ಕೊನೆಯ ಅಂಕದಲ್ಲಿ ನೊಂದ ಸೊಸೆಯಾಗಿ ಪ್ರಾಣ ಬಿಟ್ಟವಳು. ಬಿಟ್ಟದ್ದು ಮಾತ್ರ ರಂಗದ ಎಡಮೂಲೆಯಲ್ಲೇ. ಅತ್ತೆ ಅವಳನ್ನು ದೂಡಿ ಕೆಡವುತ್ತಿದ್ದುದು ಬಲಗಡೆ. ಹಾಲವ್ವ ಎದ್ದು, ತೂರಾಡಿ, ಅಡ್ಡ ನಿಂತ ಗಂಡನನ್ನು ಸುತ್ತಿಬಳಸಿ, ಅರ್ಧ ಪುಟದ ಮಾತು ಮುಗಿಸುವಷ್ಟರಲ್ಲಿ ಎಡಕ್ಕೆ ತಲುಪಿ ಬೀಳುತ್ತಿದ್ದಳು. ಬಿದ್ದ ಮರುಕ್ಷಣ ಅವಳ ಸೆರಗು ತಾನಾಗಿಯೇ ಮೆಲ್ಲಗೆ ಅಲುಗುತ್ತಿತ್ತು. "ನೋಡ್ರೆವಾ, ಪ್ರಾಣ ಹೊಂಟ್ತು!" ಎಂದು ಹೆಂಗಸರು ಕೈ ಮುಗಿಯುತ್ತಿದ್ದರು.

ಆ ಮೂಲೆಗೆ ಪುರಾಣಗಳೇ ಹುಟ್ಟಿದವು. ಅವಳ ಗುರುವಿನ ಗದ್ದುಗೆ ಇರುವುದು ಎಡಕ್ಕೆ ಎಂದರು ಡಫಳಾಪುರದವರು. ಯಾವ ಊರಲ್ಲಿ ರಂಗ ಕಟ್ಟಿದರೂ ಅದು ಎಡಕ್ಕೇ ಬರುವುದು ಹೇಗೆಂದು ಯಾರೂ ಕೇಳಲಿಲ್ಲ. ಹೆಂಡತಿಯ ಸ್ಥಾನ ವಾಮಭಾಗವೆಂದು ನಿವೃತ್ತ ಶಾಲಾ ಗುರುಜಿಯೊಬ್ಬರು ಮರಾಠಿಯಲ್ಲಿ ಹನ್ನೊಂದು ಪುಟ ಬರೆದರು.

ಹಾಲವ್ವ ಕುರಿ ಕಾಯುವ ಮನೆಯವಳು. ಹದಿನಾರನೆಯ ವಯಸ್ಸಿನಲ್ಲಿ, ಊರಿಗೆ ಬಂದ ಕಂಪನಿಯ ತಾಲೀಮನ್ನು ಕಿಟಕಿಯಿಂದ ಕೇಳಿ, ಕೇಳಿದ್ದನ್ನೆಲ್ಲ ಕುರಿಗಳ ಮುಂದೆ ಒಪ್ಪಿಸುತ್ತಿದ್ದಳು. ಆಟದ ದಿನ ನಾಯಕಿಗೆ ಎಸ್‌ಟಿ ಬಸ್ಸು ತಪ್ಪಿತು. "ನಾ ಸಾಯ್ತೀನ್ರಿ" ಎಂದು ಹುಡುಗಿ ರಂಗ ಹತ್ತಿದಳು. ಮಾಲಕ ರಾಮಲಿಂಗ ಅವಳನ್ನು ಮದುವೆಯಾದ. ಅವನು ತೀರಿಕೊಂಡ ಮೇಲೆ ಪರದೆ, ಪೆಟ್ಟಿಗೆ, ಕಿರೀಟಗಳೆಲ್ಲ ಅವಳ ಪಾಲಿಗೆ ಬಂದವು.

ಕಂಪನಿಗೆ ಅವಳು ಮಾಡಿದ ಕಾನೂನು ಒಂದೇ: ಸತ್ತವರು ಏಳಬಾರದು. ಇದು ಸಣ್ಣ ಮಾತಲ್ಲ. ಈ ಸೀಮೆಯಲ್ಲಿ ಮೆಚ್ಚಿದ ನಟರಿಗೆ ನಡು ಆಟದಲ್ಲೇ ಮೈಕಿನಲ್ಲಿ ಹೆಸರು ಕೂಗಿಸಿ ಆಹೇರಿ, ಅಂದರೆ ಉಡುಗೊರೆ, ಕೊಡುತ್ತಾರೆ. ಬೇರೆ ಕಂಪನಿಗಳಲ್ಲಿ ಹೆಣ ಎದ್ದು, ಟಾವೆಲ್ಲು ಹೊದೆದು, ನಮಸ್ಕರಿಸಿ, ಮತ್ತೆ ಸಾಯುತ್ತದೆ. ರಾಮಲಿಂಗ ಇನ್ನೂ ಬದುಕಿದ್ದ ಕಾಲದಲ್ಲೇ ಒಂದೂರಿನ ಹಿರಿಯರು ಸತ್ತ ಹಾಲವ್ವನಿಗೆ ಸೀರೆ ಕಳಿಸಿದಾಗ ಅವಳು ಏಳಲಿಲ್ಲ. ಅವಮಾನವಾಯಿತೆಂದು ಹಿರಿಯರು ಮೀಸೆ ತಿರುವಿದರು. ಗಂಡನ ಪಾತ್ರದಲ್ಲಿದ್ದ ರಾಮಲಿಂಗ ಮೆಲ್ಲಗೆ ಆ ಸೀರೆಯ ಮಡಿಕೆ ಬಿಚ್ಚಿ, "ತವರಮನಿ ಸೀರಿ ಬಂತು" ಎಂದು ಹೆಣದ ಮೇಲೆ ಹೊದಿಸಿದ. ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸುವುದು ಎಲ್ಲ ಮನೆಯ ಪದ್ಧತಿ. ಎಲ್ಲರಿಗಿಂತ ಜೋರಾಗಿ ಅತ್ತವರು ಆ ಹಿರಿಯರೇ.

ಈಚೆಗೆ ಹಾಲವ್ವನ ಮೊಣಕಾಲು ಕೈಕೊಟ್ಟವು. ಬೀಳುವುದು ಸುಲಭ, ಪರದೆ ಬಿದ್ದ ಮೇಲೆ ಎಬ್ಬಿಸಲು ನಾಲ್ವರು ಬೇಕಾಗುತ್ತಿದ್ದರು. ಅದಕ್ಕೆ ಶೇಗಾಂವದ ರೂಪಾಲಿಗೆ ಪಾತ್ರ ಬಿಟ್ಟುಕೊಟ್ಟಳು. "ನಿನ್ನ ಕೈಲಿ ಆದ್ರ ಕಂಪನಿ ಐತಿ. ಇಲ್ಲಂದ್ರ ಪರದಿ ಸುತ್ತಿ ಅಟ್ಟಕ್ಕ ಹಾಕೂದು."

ಉಟಗಿಯ ಸಮಾಜ ಮಂದಿರದಲ್ಲಿ ಮಧ್ಯಾಹ್ನ ಮೂರಕ್ಕೆ ಆಟ. ಜನ ಸಂಜೆಯ ಎಸ್‌ಟಿ ಹಿಡಿಯಬೇಕಲ್ಲ. ರೂಪಾಲಿ ತೂರಾಡಿದಳು, ಎಡಮೂಲೆಗೆ ಬಂದಳು, ಚೆನ್ನಾಗಿಯೇ ಸತ್ತಳು. ಸೆರಗೂ ಅಲುಗಿತು. ಆಗ ಮೈಕಿನ ಅಪ್ಪಾಸಾಬ ಕೂಗಿದ: "ಶೇಗಾಂವದ ಅಕ್ಕವ್ವನವರು ತಮ್ಮ ಮಗಳು ರೂಪಾಲಿಗೆ ಕೊಟ್ಟ ಸೀರಿ ಆಹೇರಿ!"

ಮಗಳು ರಂಗ ಹತ್ತಿದಂದಿನಿಂದ ಮಾತು ಬಿಟ್ಟಿದ್ದ ತಾಯಿ ಅಕ್ಕವ್ವ. ಹೆಸರು ಕೇಳಿದ್ದೇ ಹೆಣ ಎದ್ದು ಕೂತಿತು.

"ಏ, ಜೀವ ಬಂತಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮಂದಿರವೇ ನಕ್ಕಿತು. ರೂಪಾಲಿಗೆ ಮಲಗಲೂ ಆಗದು, ಏಳಲೂ ಆಗದು.

ಪರದೆಯ ಬದಿಯಿಂದ ಹಾಲವ್ವ, ಉಟ್ಟ ಹತ್ತಿಯ ಸೀರೆಯಲ್ಲೇ, ಕುಂಟುತ್ತ ಬಂದಳು. ಮಹಾರಾಣಿಯರು ಇಷ್ಟು ನಿಧಾನಕ್ಕೆ ಸಿಂಹಾಸನ ಹತ್ತಿರಲಾರರು. ರಂಗದ ಅಂಚಿಗೆ ಬಂದು ನಿಂತಿದ್ದ ಅಕ್ಕವ್ವನ ಕೈಯಿಂದ ಸೀರೆ ತೆಗೆದುಕೊಂಡು ರೂಪಾಲಿಯ ತಲೆ ನೇವರಿಸಿದಳು.

"ಅವ್ವ ಬಂದಾಳಂತ ಎದ್ದೇನು, ಮಗಳ? ಇದ್ದಾಗ ಬರಲಿಲ್ಲಂತ ಸಿಟ್ಟಾಗಬ್ಯಾಡ. ತವರಮನಿ ಸೀರಿ ತಂದಾಳ. ಹೊದ್ಕೊಂಡು ಹೋಗು."

ನಗು ನಿಂತಿತು. ರೂಪಾಲಿ ನಿಜವಾಗಿ ಅಳುತ್ತ ಹಿಂದಕ್ಕೆ ಒರಗಿದಳು. ರಂಗದ ಕೆಳಗೆ ಅಕ್ಕವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಪರದೆ ಬಿದ್ದ ಮೇಲೂ ಯಾರೂ ಎಸ್‌ಟಿಯನ್ನು ನೆನೆಯಲಿಲ್ಲ.

ಸಾಮಾನು ಕಟ್ಟುವಾಗ ರೂಪಾಲಿ ಹಾಲವ್ವನ ಕಾಲ ಬಳಿ ಕೂತಳು. "ಆಯಿ, ನಾ ಎದ್ದುಬಿಟ್ನಿ. ಕಾನೂನು ಮುರದ್ನಿ. ನಿಮ್ಮ ಮೂಲ್ಯಾಗ ಸತ್ರೂ ನಿಮ್ಮ ಶಕ್ತಿ ನನಗ ಬರಲಿಲ್ಲ. ಆ ಎಡಮೂಲಿ ಗುಟ್ಟರ ಹೇಳ್ರಿ."

ಹಾಲವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಲೇ ಅಂದಳು:

"ಅಲ್ಲಿ ಫ್ಯಾನ್ ಇಡ್ತೀವಿ ಯವ್ವಾ. ಬಲಕ್ಕ ವಾಯರ್ ಮುಟ್ಟಂಗಿಲ್ಲ. ನಾಳಿ ಶೇಗಾಂವದಾಗೂ ಅಲ್ಲೇ ಸಾಯಿ, ಶೆಕಿ ಭಾಳ ಐತಿ."