ಬಾಯಿ ಮುಚ್ಚಿ ಮಾಡಿದ ಪ್ರಾರ್ಥನೆ

ನನ್ನ ತಂಗಿ ನನ್ನೊಡನೆ ಮಾತು ಬಿಟ್ಟದ್ದು ನಾನು ಮಾಡಿದ ಪ್ರಾರ್ಥನೆಯಿಂದ. ಎರಡು ವರ್ಷದ ಹಿಂದೆ ಬಿಜೈಯ ನಮ್ಮ ಮನೆಯಲ್ಲಿ ಸ್ತ್ರೀಯರ ಪ್ರಾರ್ಥನಾ ಕೂಟ ಇತ್ತು. “ಯಾರಿಗಾದ್ರೂ ಪ್ರಾರ್ಥನೆಯ ವಿಷಯ ಉಂಟಾ?” ಎಂದು ಕೂಟ ನಡೆಸುವವರು ಕೇಳಿದಾಗ ನಾನು ಎದ್ದು ನಿಂತೆ. ತಂಗಿಯ ಹೆಸರು ಹೇಳಿ, ಅವಳು ನನ್ನೊಬ್ಬಳನ್ನೇ ನಂಬಿ ಹೇಳಿದ್ದ ಗಂಡ ಹೆಂಡಿರ ಸಂಗತಿಯನ್ನು ಅಳುತ್ತಾ ಬಿಚ್ಚಿಟ್ಟೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಸುಖವೂ ಆ ಅಳುವಿನಲ್ಲಿತ್ತು. ಈಗ ಒಪ್ಪಿಕೊಳ್ಳುತ್ತೇನೆ.

ಹನ್ನೆರಡು ಮಂದಿ ಕಣ್ಣು ಮುಚ್ಚಿ ಆಮೆನ್ ಅಂದರು. ಕಣ್ಣು ತೆರೆದ ಮೇಲೆ ಬಾಯಿಯನ್ನೂ ತೆರೆದರು. ಭಾನುವಾರದೊಳಗೆ ಮಾತು ಬೋಳಾರದ ಅವಳ ಮನೆಗೆ ಮುಟ್ಟಿತು.

“ಅಕ್ಕ, ನೀನು ಎಂತ ಮಾಡಿದ್ದು? ನಾನು ದೇವರಿಗೆ ಹೇಳು ಅಂದದ್ದು, ಊರಿಗೆ ಅಲ್ಲ. ಇನ್ನು ನನ್ನ ಮನೆಗೆ ಬರ್ಬೇಡ,” ಎಂದು ಫೋನ್ ಇಟ್ಟಳು.

ಆ ಹೆಂಗಸರ ಮೇಲೆ ನನಗೆ ಕೋಪ ಉಕ್ಕಿತು. ದೇವರ ಮೇಲೂ ಸಿಟ್ಟು ಬಂತು. ಮೊಣಕಾಲೂರಿದರೆ ಪ್ರಾರ್ಥನೆಯ ಬದಲು ಶಾಪವೇ ಬಾಯಿಗೆ ಬರುತ್ತಿತ್ತು. ಕೂಟಕ್ಕೆ ಹೋಗುವುದನ್ನು ಬಿಟ್ಟೆ. ಮನೆಗೆ ಬಂದ ಸಭಾಪಾಲಕರಿಗೆ ಇದನ್ನೆಲ್ಲ ಹೇಳಿದೆ.

“ಮಾತು ಬಾರದಿದ್ರೆ ಬೇಡಮ್ಮ. ಕೈ ಉಂಟಲ್ಲ, ಕಾಲು ಉಂಟಲ್ಲ, ಅದ್ರಲ್ಲೇ ಪ್ರಾರ್ಥನೆ ಮಾಡಿ,” ಎಂದರು.

ಇಷ್ಟು ಹೇಳಲು ಬಂದವರಿಗೆ ಚಹಾ ಬೇರೆ ಮಾಡಿ ಕೊಟ್ಟೆನಲ್ಲ ಎಂದುಕೊಂಡೆ.

ಆದರೂ ಆ ಶುಕ್ರವಾರ ಎರಡು ಬಸ್ ಹಿಡಿದು ಬೋಳಾರಕ್ಕೆ ಹೋದೆ. ತಂಗಿಯ ಗೇಟಿನೆದುರು ನಡೆದು, ಓಣಿಯ ಕೊನೆ ಮುಟ್ಟಿ ಹಿಂದಿರುಗಿದೆ. ಒಂದು ಮಾತೂ ಆಡಲಿಲ್ಲ. ಮುಂದಿನ ಶುಕ್ರವಾರವೂ ಹೋದೆ. ಮಳೆಗಾಲ ಬಂತು, ಹೋಯಿತು, ಮೊಣಕಾಲು ಊದಿತು, ಗೇಟು ಮಾತ್ರ ತೆರೆಯಲಿಲ್ಲ. ಎಷ್ಟೋ ಶುಕ್ರವಾರ ನನ್ನ ಒಂದೊಂದು ಹೆಜ್ಜೆಯೂ ದೇವರ ಮೇಲಿನ ದೂರೇ ಆಗಿತ್ತು. ನಿನಗೆ ಕಿವಿ ಇಲ್ಲವೇ ಎಂದು ಕೇಳುತ್ತಲೇ ನಡೆದಿದ್ದೇನೆ.

ಹೋದ ನವೆಂಬರಿನ ಒಂದು ಶುಕ್ರವಾರ ತಂಗಿ ಗೇಟಿನಲ್ಲಿ ನಿಂತಿದ್ದಳು.

“ಎಷ್ಟು ಶುಕ್ರವಾರ ಅಂತ ಹೀಗೆ ಹೋಗಿ ಬರ್ತಿ? ಕಾಲು ನೋವು ಉಂಟಲ್ಲ ನಿಂಗೆ?”

“ನೀನು ನೋಡಿದ್ದೀಯಾ?”

“ಮೊದಲಿನ ದಿನದಿಂದ ನೋಡ್ತಿದ್ದೇನೆ, ಮೇಲಿನ ಕಿಟಕಿಯಿಂದ. ನೀನು ಬಾಯಿ ಮುಚ್ಚಿಕೊಂಡು ಎಷ್ಟು ಸಮಯ ಇರ್ತಿ ಅಂತ ನೋಡ್ಬೇಕಿತ್ತು.”

ಅವಳ ಮುಖ ಬಾಡಿತ್ತು.

“ಸೋಮವಾರ ನಂಗೆ ಆಪರೇಷನ್ ಉಂಟು. ಜೊತೆಗೆ ಯಾರೂ ಇಲ್ಲ. ಬರ್ತಿಯಾ?”

ಸೋಮವಾರ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆ. ಅವಳ ಚಪ್ಪಲಿ ಹಾಕಿದ್ದ ಚೀಲವನ್ನು ಮಡಿಲಲ್ಲಿ ಹಿಡಿದುಕೊಂಡದ್ದೇ ಆ ದಿನದ ನನ್ನ ಪ್ರಾರ್ಥನೆ. ಕೂಟದ ಒಬ್ಬಾಕೆ ಅಲ್ಲಿ ನನ್ನನ್ನು ಕಂಡು ಹತ್ತಿರ ಬಂದು, “ಯಾರಿಗೆ ಎಂತ ಆಯ್ತು? ಹೇಳಿ, ನಾವು ಪ್ರಾರ್ಥಿಸ್ತೇವೆ,” ಎಂದರು. “ದೇವರಿಗೆ ಗೊತ್ತುಂಟು,” ಎಂದೆ. ಅವರು ಮುಖ ಊದಿಸಿಕೊಂಡು ಹೋದರು. ಆಪರೇಷನ್ ಚೆನ್ನಾಗಿ ಆಯಿತು ಎಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ನಾನು ಗೋಡೆಗೆ ಮುಖ ಮಾಡಿ ಅತ್ತೆ. ಆ ಅಳುವನ್ನು ಯಾರೂ ನೋಡಲಿಲ್ಲ.

ಇದನ್ನು ಸಭೆಯ ಪತ್ರಿಕೆಗೆ ಕಳುಹಿಸುವ ಮೊದಲು ತಂಗಿಗೆ ಓದಿ ಹೇಳಿದೆ. ಯಾವ ಆಪರೇಷನ್ ಎಂದು ಬರೆದಿದ್ದ ಎರಡು ಸಾಲು ತೆಗೆಸಿದಳು.

“ಉಳಿದದ್ದು ಇರ್ಲಿ. ಆದ್ರೆ ನಾನು ಕ್ಷಮಿಸಿದ್ದೇನೆ ಅಂತ ಮಾತ್ರ ಬರೀಬೇಡ ಅಕ್ಕ. ಇನ್ನೂ ಆಗಿಲ್ಲ.”

ಬರೆದಿಲ್ಲ. ಗೇಟು ತೆರೆಸಿದ ದೇವರಿಗೆ ಸ್ತೋತ್ರ. ಉಳಿದದ್ದಕ್ಕೂ ಆತನನ್ನೇ ನಂಬಿದ್ದೇನೆ, ಶುಕ್ರವಾರದ ಬಸ್ಸನ್ನು ಬಿಟ್ಟಿಲ್ಲ.