ಶಿವಗಂಗಮ್ಮ ಬಳೆ ತೊಡಿಸದೆ ಬಿಟ್ಟ ಕೈ

ನ್ಯಾಮತಿಯ ನಮ್ಮ ಮನೆ ಜಗಲಿಯಲ್ಲಿ ಬಳೆಗಾರ್ತಿ ಶಿವಗಂಗಮ್ಮ ಬಿಚ್ಚಿಟ್ಟಿದ್ದ ಬಳೆಗಳ ಮೇಲೆ ನಾನು ಕುಳಿತುಬಿಟ್ಟೆ. ಪೇಪರಿನಲ್ಲಿ ಮುಖ ಹುದುಗಿಸಿ ಕೂರುವ ಮೇಷ್ಟರ ಗತ್ತು ಅದು. ಎರಡು ಡಜನ್ ಹಸಿರು ಗಾಜು ಚಟಪಟ ಎಂದಿತು. ಪಂಚೆಗೂ ಮರ್ಯಾದೆಗೂ ಒಟ್ಟಿಗೇ ತೂತು ಬಿತ್ತು.

"ಎದ್ದೇಳ್ರಿ ಮೇಷ್ಟ್ರೇ, ನಿಮ್ಮ ಅಳತೇವು ನನ್ನತ್ರ ಇಲ್ಲ," ಎಂದಳು ಶಿವಗಂಗಮ್ಮ, ನಗದೆ.

ತ್ಯಾವಣಿಗೆಯ ಈ ಹೆಂಗಸು ನಕ್ಕದ್ದನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಚನ್ನಗಿರಿ, ಹೊನ್ನಾಳಿ ಸೀಮೆಯ ಹೆಣ್ಣುಮಕ್ಕಳ ಕೈ ಹಿಡಿದವಳು. ಮುಖ ಮರೆತರೂ ಕೈ ಮರೆಯುತ್ತಿರಲಿಲ್ಲ. ೧೯೭೭ರ ಆ ದಿನ ಬಂದದ್ದು ನನ್ನ ತಂಗಿ ಪ್ರೇಮಮ್ಮನಿಗೆ ಬಳೆ ತೊಡಿಸಲು. ಮೂರು ತಿಂಗಳ ಬಾಣಂತನ ಮುಗಿಸಿ ಮರುದಿನ ಅವಳು ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವವಳಿದ್ದಳು.

ಮುಂಗೈ ಒತ್ತಿ ಹಿಡಿದು ನಾಲ್ಕನೆಯ ಬಳೆ ಏರಿಸುತ್ತಿದ್ದ ಶಿವಗಂಗಮ್ಮ ತಟ್ಟನೆ ನಿಂತಳು. ಪ್ರೇಮಮ್ಮನ ಹೆಬ್ಬೆರಳು ತಾನಾಗಿ ಅಂಗೈಯೊಳಕ್ಕೆ ಸರಿಯಿತು. ಉಳಿದ ಬೆರಳುಗಳು ನೆಟ್ಟಗಾಗಿ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಹೋದರೆ ಮರದ ಕೈ.

"ಸಡ್ಲ ಬಿಡೇ," ಎಂದಳು ಅವ್ವ.

"ನಾನೆಲ್ಲಿ ಬಿಗಿ ಹಿಡ್ದೀನವ್ವಾ? ತುಟಿ ಸುತ್ತ ಬೇರೆ ಜುಮ್ ಅಂತೈತೆ."

ಶಿವಗಂಗಮ್ಮ ಆಗಲೇ ತೊಡಿಸಿದ್ದ ಮೂರು ಬಳೆಗಳನ್ನೂ ಒಡೆದು ತೆಗೆದಳು.

"ಅಯ್ಯೋ, ಮುತ್ತೈದೆ ಕೈಯಾಗಿನ ಬಳೆ ಒಡಿತೀಯಲ್ಲೇ!" ಎಂದು ಅವ್ವ ಚೀರಿದಳು. "ಇದು ಗಾಳಿ ಸೋಂಕು. ಮಂತ್ರ ಹಾಕೋ ಜಯಪ್ಪನತ್ರ ತಾಯಿತ ಕಟ್ಸಿದ್ರೆ ಹೋಗ್ತೈತೆ."

ಮನೆಯಲ್ಲಿ ವಿಜ್ಞಾನ ಕಲಿಸುವವನು ನಾನೊಬ್ಬನೇ. ಆದ್ದರಿಂದ ಗಂಭೀರವಾಗಿ, "ನಾಳೆ ನೋಡೋಣ," ಎಂದೆ.

"ಈಗ ಕೈ ಹಿಡ್ಕಂಡೈತೆ," ಎಂದಳು ಶಿವಗಂಗಮ್ಮ. "ನಾಳೆ ಗಂಟ್ಲು ಹಿಡ್ಕಂತೈತೆ."

ಆಸ್ಪತ್ರೆಗೆ ಹೊರಟೇಬಿಟ್ಟೆವು. ಹೊನ್ನಾಳಿಯ ಬಸ್ಸಿನಲ್ಲಿ ಎರಡನೆಯ ಕೈಯೂ ಮಡಚಿಕೊಂಡಿತು. ಊರು ಮುಟ್ಟುವಷ್ಟರಲ್ಲಿ ಪ್ರೇಮಮ್ಮನ ಉಸಿರು ಕೀರಲುಗುಟ್ಟುತ್ತಿತ್ತು. ಕೂಸು ಶಿವಗಂಗಮ್ಮನ ಮಡಿಲಲ್ಲಿತ್ತು.

ಡಾಕ್ಟರು ರಕ್ತನಾಳಕ್ಕೆ ಸೂಜಿ ಚುಚ್ಚಿ ನಿಧಾನವಾಗಿ, ಬಹಳ ನಿಧಾನವಾಗಿ ಔಷಧಿ ಬಿಟ್ಟರು. "ಕ್ಯಾಲ್ಸಿಯಂ. ರಕ್ತದಲ್ಲಿ ಇದು ಕಡಿಮೆ ಆದ್ರೆ ನರಗಳಿಗೆ ಕಡಿವಾಣ ಇರಲ್ಲ, ಅಪ್ಪಣೆ ಇಲ್ದೇ ಸಿಡೀತಾವೆ. ಹಾಲು, ಮೊಸರು ಕೊಡ್ತಿದ್ರಾ?"

ಬಾಣಂತಿಗೆ ಶೀತವೆಂದು ಅವ್ವ ಮೂರು ತಿಂಗಳು ಎರಡನ್ನೂ ಮುಟ್ಟಿಸಿರಲಿಲ್ಲ. ಸುಣ್ಣದಂಶದ ಪಾಠವನ್ನು ವರ್ಷಕ್ಕೆರಡು ಸಲ ಮಾಡುತ್ತಿದ್ದ ನಾನು ನೆಲ ನೋಡಿದೆ.

ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಬಳೆ ಒಡೆದು ಕರೆತಂದವಳು ಇವಳೆಂದು ಕೇಳಿ ಡಾಕ್ಟರು ಶಿವಗಂಗಮ್ಮನತ್ತ ತಿರುಗಿದರು. "ಇಂಥ ಕೈ ಮೊದಲು ಎಲ್ಲಿ ನೋಡಿದ್ದೆಯಮ್ಮ?"

"ನನ್ನ ಮಗಳದು ರೀ. ಸೋಪು ಹಚ್ಚಿ ಏರಿಸ್ದೆ. ಮಾರನೇ ದಿನ ಗಂಟ್ಲು ಹಿಡ್ಕಂಡು ಹೋದ್ಲು. ಬಳೆ ಚೆನ್ನಾಗೇ ಕೂತಿದ್ವು."