ಲೇಸ್ ಕಾಲರಿನ ಫೋಟೋ

ನನ್ನ ಓದು ಐದನೆಯ ಕ್ಲಾಸಿಗೆ ನಿಂತಿತು. ಆಮೇಲೆ ಊರಿನ ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಕೊಕ್ಕೆ ಸೂಜಿಯಲ್ಲಿ ಲೇಸು ಹೆಣೆಯುವ ಕ್ರೋಶಾ ಕೆಲಸ ಕಲಿತೆ. ಅವರ ಮಾದರಿ ಪುಸ್ತಕದಲ್ಲಿ ಹಿಂದಿನ ಕಾಲದ ಯುರೋಪಿನ ಹುಡುಗನೊಬ್ಬನ ಚಿತ್ರವಿತ್ತು. ಭುಜದ ತನಕ ಇಳಿದ ಲೇಸಿನ ಕಾಲರು, ಅಂಚಿಗೆಲ್ಲ ನೆರಿಗೆ. ಆಗ ದೊಡ್ಡ ಮನೆಗಳ ಗಂಡುಮಕ್ಕಳು ಹೀಗೆ ತೊಡುತ್ತಿದ್ದರಂತೆ. ಅದನ್ನು ನೋಡಿಕೊಂಡೇ ಒಂದು ಕಾಲರು ಹೆಣೆದು, ಏಳು ವರ್ಷದ ತಮ್ಮನ ಬಿಳಿ ಅಂಗಿಗೆ ಹೊಲಿದೆ. ಅಪ್ಪ ಅವನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದರು. ಅದೇ ಅಂಗಿಯಲ್ಲಿ ಶಾಲೆಗೆ ಹೋದವನನ್ನು ಹುಡುಗರು ಮದುಮಗಳು ಎಂದು ಕರೆದರು. ಹೈಸ್ಕೂಲು ಮುಗಿಯುವವರೆಗೂ ಆ ಹೆಸರು ಅವನನ್ನು ಬಿಡಲಿಲ್ಲ.

ಮಸ್ಕತ್ತಿಗೆ ಹೊರಡುವ ಮೊದಲು ಅವನು ನನ್ನ ಹತ್ತಿರ ಕೇಳಿದ್ದು ಒಂದೇ. "ಅಕ್ಕ, ಆ ಫೋಟೋ ಸುಟ್ಟು ಬಿಡು." ಮರುದಿನ "ಸುಟ್ಟೆ" ಎಂದೆ. ಸುಟ್ಟಿರಲಿಲ್ಲ. ಕಾಲರು ಯಾವಾಗಲೋ ಹರಿದು ಹೋಗಿತ್ತು. ನನ್ನ ಕೈಯಲ್ಲಿ ಅಂಥದ್ದೊಂದು ಕೆಲಸ ಆಗಿತ್ತು ಎನ್ನಲು ಆ ಫೋಟೋ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮುಂದೆ ತಮ್ಮನೇ ನನ್ನ ಗಂಡನಿಗೆ ಇಲ್ಲೇ ಮಸ್ಕತ್ತಿನಲ್ಲಿ ಕೆಲಸ ಹುಡುಕಿ ನಮ್ಮನ್ನು ಕರೆಸಿಕೊಂಡ. ಫೋಟೋ ನನ್ನ ಸೀರೆಗಳ ನಡುವೆ ಬಂತು.

ಕಳೆದ ವರ್ಷ ಅವನ ಮಗನಿಗೆ ಶಾಲೆಯ ನಾಟಕದಲ್ಲಿ ಹಳೆಯ ಕಾಲದ ರಾಜಕುಮಾರನ ಪಾತ್ರ ಸಿಕ್ಕಿತು. ಮತ್ರಾದ ಪೇಟೆಯಿಂದ ನೂಲು ತರಿಸಿ, ಒಂದು ತಿಂಗಳು ಕೂತು ಮತ್ತೆ ಅದೇ ಕಾಲರು ಹೆಣೆದು ನಾಟಕದ ಅಂಗಿಗೆ ಹೊಲಿದೆ. ದಾರ್ಸೈಟ್‌ನ ನಮ್ಮ ಮನೆಗೆ ತೊಟ್ಟು ನೋಡಲು ಬಂದ ಹುಡುಗ ಕನ್ನಡಿಯ ಮುಂದೆ ಮುಖ ಸಿಂಡರಿಸಿದ.

"ಅತ್ತೆ, ದಿಸ್ ಈಸ್ ಫಾರ್ ಗರ್ಲ್ಸ್. ನಾನು ಹಾಕುದಿಲ್ಲ."

"ಎಂತ ಗರ್ಲ್ಸ್? ನಿನ್ನ ಅಪ್ಪನೇ ಹಾಕಿದ್ದಾನೆ ಮಾರಾಯ."

"ಸುಳ್ಳು."

ಫೋಟೋ ತೆಗೆದು ಅವನ ಕೈಗೆ ಕೊಟ್ಟೆ. ಹುಡುಗ ಬಿದ್ದು ಬಿದ್ದು ನಕ್ಕ, ಕಾಲರು ಹಾಕಲು ಒಪ್ಪಿದ. ಮೊಬೈಲಿನಲ್ಲಿ ಆ ಫೋಟೋದ ಚಿತ್ರ ತೆಗೆದುಕೊಂಡದ್ದನ್ನೂ ನೋಡಿದೆ. ಬೇಡ ಎನ್ನಲಿಲ್ಲ. ನನಗೆ ಹೆಮ್ಮೆಯೇ ಆಗಿತ್ತು. ಎರಡು ದಿನದಲ್ಲಿ ಅದು ಕ್ಲಾಸಿನ ಗ್ರೂಪಿನಿಂದ ಹೆತ್ತವರ ಗ್ರೂಪಿಗೆ, ಅಲ್ಲಿಂದ ತಮ್ಮನ ಆಫೀಸಿಗೆ ಹೋಯಿತು.

ಪ್ರತಿ ಶುಕ್ರವಾರ ನಮ್ಮಲ್ಲಿ ಊಟ ಮಾಡುವ ತಮ್ಮ ಆ ಶುಕ್ರವಾರ ಬಾಗಿಲಲ್ಲೇ ನಿಂತ.

"ಆಫೀಸಲ್ಲಿ ನನಗೆ ಪ್ರಿನ್ಸ್ ಹೇಳ್ತಾರೆ. ಅದು ಹೋಗ್ಲಿ. ನೀನು ಸುಟ್ಟಿದ್ದೇನೆ ಹೇಳಿದ್ದಲ್ವಾ ಅಕ್ಕ?"

"ಒಳಗೆ ಬಾ, ಸಾರು ಆರ್ತದೆ."

"ಇಷ್ಟು ವರ್ಷ ನಂಬಿದ್ದೆ ನಾನು," ಎಂದು ಹೊರಟು ಹೋದ.

ನಾಟಕದ ದಿನ ಕೊನೆಯ ಸಾಲಿನಲ್ಲಿ ಕೂತೆ. ರಾಜಕುಮಾರ ಬರೀ ಅಂಗಿಯಲ್ಲಿ ಬಂದ. ಮರುದಿನ ತಮ್ಮನ ಹೆಂಡತಿ ಕಾಲರನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟಳು. "ಅವರೇ ಕೂತು ಬಿಚ್ಚಿದ್ರು," ಎಂದಳು. ಲೇಸಿನ ಒಂದು ಎಳೆಯೂ ತುಂಡಾಗಿರಲಿಲ್ಲ. ಚಿಕ್ಕವನಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಬ್ಲೇಡಿನಲ್ಲಿ ಹೊಲಿಗೆ ಬಿಚ್ಚುವುದನ್ನು ಅವನಿಗೆ ಕಲಿಸಿದವಳು ನಾನೇ.

ಅಂದು ಮಧ್ಯಾಹ್ನ ಫೋಟೋವನ್ನು ಗ್ಯಾಸಿನ ಉರಿಗೆ ಹಿಡಿದೆ. ಪೂರ್ತಿ ಬೂದಿಯಾದ ಮೇಲೆ ಅವನಿಗೆ ಫೋನ್ ಮಾಡಿದೆ.

"ಸುಟ್ಟೆ ತಮ್ಮ. ಈ ಸಲ ನಿಜ."

"ಆಯ್ತು," ಎಂದ, ಅಂಗಡಿಯವನಿಗೆ ಹೇಳುವ ಹಾಗೆ. ಊರಿನಲ್ಲಿ ಅಂದು ಸುಳ್ಳು ಹೇಳಿದಾಗ ಅವನು ನನ್ನ ಎರಡೂ ಕೈ ಹಿಡಿದುಕೊಂಡಿದ್ದ.